ನಾಟಕದ ಪೀರಿಯಡ್ಡಿನಲ್ಲಿ ನಾನು ನಾಟಕದ ವ್ಯಾಖ್ಯೆ ಬರೆಸಿದೆ: ಪ್ರಶಿಕ್ಷಣಾರ್ಥಿಯೊಬ್ಬಳ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಆಯುಕ್ತರಿಗೆ, ಹಾಗೂ ರಾಜ್ಯದ ಬಿ.ಇಡಿ. ಕಾಲೇಜುಗಳ ಪ್ರಾಂಶುಪಾಲರು ಮತ್ತು ಬೋಧಕರಿಗೆ

ವಿಷಯ: ಶಾಲಾ ಇಂಟರ್ನ್‌ಷಿಪ್‌ನಲ್ಲಿ ನಾಟಕದ ತರಗತಿಗಳಿಗೆ ಅವಕಾಶ ನೀಡುವುದು ಮತ್ತು ಅವುಗಳ ಅವಲೋಕನ ಕ್ರಮವನ್ನು ಬದಲಿಸುವುದರ ಕುರಿತು.

ಮಾನ್ಯರೇ,

ನಾನು ಬಿ.ಇಡಿ. ಎರಡನೆಯ ವರ್ಷದ ಪ್ರಶಿಕ್ಷಣಾರ್ಥಿ. ಕನ್ನಡ ಮತ್ತು ಸಮಾಜ ವಿಜ್ಞಾನ ನನ್ನ ಬೋಧನಾ ವಿಷಯಗಳು. ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಹದಿನಾರು ವಾರಗಳ ಇಂಟರ್ನ್‌ಷಿಪ್ ಮುಗಿಸಿ ಈಗಷ್ಟೇ ಕಾಲೇಜಿಗೆ ಮರಳಿದ್ದೇನೆ. ಅಲ್ಲಿ ಎಂಟನೆಯ ತರಗತಿಗೆ ಒಂಬತ್ತು ಶನಿವಾರ ನಾಟಕದ ಪೀರಿಯಡ್ ತೆಗೆದುಕೊಂಡೆ. ಆ ಒಂಬತ್ತು ಶನಿವಾರಗಳೇ ಈ ಪತ್ರಕ್ಕೆ ಕಾರಣ. ಶಾಲೆಯ ಹೆಸರನ್ನಾಗಲಿ ನನ್ನ ಕಾಲೇಜಿನ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಎರಡೂ ಕಡೆಯವರು ನನ್ನನ್ನು ಚೆನ್ನಾಗಿಯೇ ನಡೆಸಿಕೊಂಡರು. ನನ್ನ ತಕರಾರಿರುವುದು ಅವರ ಕೈಗೆ ಕೊಡಲಾಗಿದ್ದ ಒಂದು ಅಚ್ಚಾದ ಹಾಳೆಯ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

2014ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷದ ಕೋರ್ಸಾದಾಗ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಂಬುದು ಪಠ್ಯಕ್ರಮದೊಳಗೆ ಬಂತು. ಅದಕ್ಕೂ ಮೊದಲು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆ, ನಾಟಕಗಳನ್ನು ಶಾಲೆಯ ಕಲಿಕೆಯ ಭಾಗವಾಗಿಯೇ ಕಾಣಬೇಕೆಂದು ಹೇಳಿತ್ತು. ಪಠ್ಯ ಮತ್ತು ಪಠ್ಯೇತರಗಳ ನಡುವೆ ಗೋಡೆ ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಕಾಗದದ ಮೇಲೆ ಯಾವ ಕೊರತೆಯೂ ಇಲ್ಲ. ಆದರೆ ಆ ವಿಷಯವನ್ನು ನಾವು ಕಲಿತ ಬಗೆ ಹೀಗಿತ್ತು: ನವರಸಗಳ ಹೆಸರುಗಳನ್ನು ಬರೆದುಕೊಂಡೆವು, ವಾರಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಅಂಟಿಸಿ ರೆಕಾರ್ಡ್ ಬುಕ್ ಸಿದ್ಧಪಡಿಸಿದೆವು, ವರ್ಷದ ಕೊನೆಗೆ ವರದಕ್ಷಿಣೆಯ ಮೇಲೆ ಹತ್ತು ನಿಮಿಷದ ಕಿರುನಾಟಕ ಆಡಿದೆವು. ನಾನು ಅತ್ತೆಯಾಗಿದ್ದೆ, ಚಪ್ಪಾಳೆಯೂ ಬಿತ್ತು. ನಲವತ್ತು ಮಕ್ಕಳನ್ನು ಎದುರಿಗಿಟ್ಟುಕೊಂಡು ನಾಟಕದ ತರಗತಿಯೊಂದನ್ನು ನಡೆಸುವುದು ಹೇಗೆಂಬುದು ಮಾತ್ರ ಆ ರೆಕಾರ್ಡಿನ ಯಾವ ಪುಟದಲ್ಲೂ ಇರಲಿಲ್ಲ.

ಶನಿವಾರದ ಕೊನೆಯ ಪೀರಿಯಡ್ ನನಗೆ ಸಿಕ್ಕಿದ್ದು ಅದಕ್ಕೆ ಬೇರೆ ವಾರಸುದಾರರು ಇರಲಿಲ್ಲವಾದ್ದರಿಂದ. ‘ಏನಾದ್ರೂ ಆಕ್ಟಿವಿಟಿ ಮಾಡ್ಸಿ ಮೇಡಂ, ಗಲಾಟೆ ಒಂದು ಆಗ್ಬಾರ್ದು’ ಎಂದು ಮುಖ್ಯ ಶಿಕ್ಷಕರು ಹೇಳಿದರು. ನಾನು ನಾಲ್ಕು ಪುಟದ ಪಾಠಯೋಜನೆಯನ್ನು ಬರೆದುಕೊಂಡು, ಉದ್ದೇಶಗಳು, ನಿರ್ದಿಷ್ಟ ವರ್ತನೆಗಳು, ಮೌಲ್ಯಮಾಪನ ಎಂದು ಅಂಕಣ ಹಾಕಿಕೊಂಡು ತರಗತಿಗೆ ಹೋದೆ. ‘ಇವತ್ತು ನಾಟಕ ಮಾಡೋಣ’ ಎಂದ ಕೂಡಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: ‘ಮಿಸ್, ಸೀನರಿ ಎಲ್ಲಿಂದ ತರುಸ್ತೀರಾ?’ ಇನ್ನೊಬ್ಬ ಎದ್ದು ನಿಂತು ದುರ್ಯೋಧನನ ಪಾತ್ರ ಯಾರಿಗೆ ಎಂದು ಕೇಳಿದ. ತನ್ನ ಅಪ್ಪ ಎರಡು ಸಲ ದುರ್ಯೋಧನ ಮಾಡಿದ್ದಾರೆಂದೂ ಕಂದಪದ್ಯಗಳು ತನಗೆ ಬಾಯಿಗೆ ಬರುತ್ತವೆಂದೂ ಸೇರಿಸಿದ.

ನನಗೆ ಆ ಕ್ಷಣದಲ್ಲಿ ನಗು ಬಂದಿತ್ತು. ಆಮೇಲೆ ಯೋಚಿಸಿದಾಗ ನಾಚಿಕೆಯಾಯಿತು. ಈ ಸೀಮೆಗೆ ನಾಟಕ ಹೊಸದಲ್ಲ. ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಇಂದಿಗೂ ಇಲ್ಲಿನ ಹಳ್ಳಿಗಳಲ್ಲಿ ಹಬ್ಬ, ಜಾತ್ರೆಗೆ ಕುರುಕ್ಷೇತ್ರ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿಸುತ್ತಾರೆ, ಬಾಡಿಗೆಗೆ ಸೀನರಿ ತರಿಸುತ್ತಾರೆ, ಪಾತ್ರಧಾರಿಗಳು ಕೈಯಿಂದ ದುಡ್ಡು ಹಾಕಿ ಪಾತ್ರ ಪಡೆಯುತ್ತಾರೆ. ಹಗಲು ಅಡಿಕೆ ಸುಲಿದವರು ರಾತ್ರಿ ಬಣ್ಣ ಹಚ್ಚಿ ಬೆಳಗಿನವರೆಗೆ ಭೀಮನಾಗಿ ನಿಲ್ಲುವ ಊರಿನ ಮಕ್ಕಳಿಗೆ ನಾನು ನಾಟಕವೆಂದರೇನೆಂದು ಹೇಳಿಕೊಡಲು ಹೊರಟಿದ್ದೆ. ನಾಟಕವೆಂದರೆ ಅವರಿಗೆ ಬಣ್ಣ, ಕಿರೀಟ, ಗದೆ, ಹಾರ್ಮೋನಿಯಂ. ನನ್ನ ಬಳಿ ಇದ್ದದ್ದು ಪುಸ್ತಕವೊಂದರಲ್ಲಿ ಓದಿದ್ದ ‘ಕನ್ನಡಿಯಾಟ’: ಇಬ್ಬರು ಎದುರುಬದುರು ನಿಂತು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯಂತೆ ಅನುಕರಿಸುವ ಆಟ.

ಕಬ್ಬಿಣದ ಡೆಸ್ಕುಗಳನ್ನು ಗೋಡೆಯ ಕಡೆಗೆ ಎಳೆಯುವುದರಲ್ಲೇ ಹತ್ತು ನಿಮಿಷ ಹೋಯಿತು. ಆ ಸದ್ದಿಗೆ ಪಕ್ಕದ ಹತ್ತನೆಯ ತರಗತಿಯಲ್ಲಿ ಗಣಿತ ಹೇಳುತ್ತಿದ್ದ ಶಿಕ್ಷಕರು ಬಾಗಿಲಿಗೆ ಬಂದು ನೋಡಿ ಹೋದರು. ಹುಡುಗರು ಹುಡುಗಿಯರು ಜೊತೆಯಾಗಿ ನಿಲ್ಲಲು ಒಪ್ಪಲಿಲ್ಲ. ಕನ್ನಡಿಯಾಟ ಮೂರು ನಿಮಿಷದಲ್ಲಿ ಹೊಡೆದಾಟವಾಯಿತು, ಏಕೆಂದರೆ ಒಬ್ಬ ಕೈಯೆತ್ತಿದರೆ ಕನ್ನಡಿಯಾದವನೂ ಕೈಯೆತ್ತಬೇಕಲ್ಲವೇ. ನಾನು ಕೂಗಿದೆ. ಡಸ್ಟರಿನಿಂದ ಮೇಜು ಕುಟ್ಟಿದೆ. ಕೊನೆಗೆ ಎಲ್ಲರನ್ನೂ ಕೂರಿಸಿ, ‘ನಾಟಕವು ದೃಶ್ಯ ಮತ್ತು ಶ್ರವ್ಯ ಮಾಧ್ಯಮಗಳ ಸಂಗಮವಾದ ಕಲೆಯಾಗಿದೆ’ ಎಂದು ದುಂಡಗಿನ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದು, ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲು ಹೇಳಿದೆ. ನಾಟಕದ ಪೀರಿಯಡ್ಡಿನ ಕೊನೆಯ ಹದಿನೈದು ನಿಮಿಷ ನಲವತ್ತೊಂದು ಮಕ್ಕಳು ತಲೆ ಬಗ್ಗಿಸಿ ನಾಟಕದ ವ್ಯಾಖ್ಯೆ ಬರೆದರು.

ಅಂದು ನನ್ನ ಪಾಠವನ್ನು ಅವಲೋಕಿಸಲು ಕಾಲೇಜಿನಿಂದ ಬಂದಿದ್ದವರು ಕೊನೆಯ ಆ ಹದಿನೈದು ನಿಮಿಷಕ್ಕೆ ಸರಿಯಾಗಿ ಒಳಗೆ ಬಂದರು. ಅವಲೋಕನ ಪಟ್ಟಿಯಲ್ಲಿ ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಬೋಧನೋಪಕರಣ, ಕಪ್ಪುಹಲಗೆಯ ಬಳಕೆ, ತರಗತಿ ನಿಯಂತ್ರಣ ಎಂಬ ಸಾಲುಗಳಿದ್ದವು. ನನಗೆ ಐವತ್ತಕ್ಕೆ ನಲವತ್ತೊಂದು ಅಂಕ ಬಂದವು. ಕಪ್ಪುಹಲಗೆಗೆ ಹತ್ತಕ್ಕೆ ಹತ್ತು.

ಮುಂದಿನ ಶನಿವಾರದ ಹೊತ್ತಿಗೆ ನನಗೆ ಎರಡು ಸಂಗತಿ ಹೊಳೆದಿದ್ದವು. ಮೊದಲನೆಯದು, ತರಗತಿಯ ಕೋಣೆ ಬೇಡ, ಬಿಸಿಯೂಟದ ಕೋಣೆಯ ಹಿಂದಿರುವ ಹೊಂಗೆಮರದ ನೆರಳೇ ಸಾಕು ಎಂಬುದು. ಎರಡನೆಯದನ್ನು ಹೇಳಿಕೊಟ್ಟವರು ಮಕ್ಕಳೇ. ಊಟದ ಬಿಡುವಿನಲ್ಲಿ ಅವರು ‘ಸ್ಟ್ಯಾಚು’ ಆಡುತ್ತಿದ್ದುದನ್ನು ನೋಡಿದ್ದೆ; ನಾವೆಲ್ಲರೂ ಚಿಕ್ಕಂದಿನಲ್ಲಿ ಆಡಿದ ಆಟವೇ. ಯಾರಾದರೂ ‘ಸ್ಟ್ಯಾಚು’ ಎಂದರೆ ಎಲ್ಲಿದ್ದೀರೋ ಹೇಗಿದ್ದೀರೋ ಹಾಗೇ ನಿಲ್ಲಬೇಕು. ಡಸ್ಟರಿನ ಬದಲು ನಾನು ಆ ಪದವನ್ನು ಬಳಸಿದೆ. ಕೂಗಾಟದ ನಟ್ಟನಡುವೆ ‘ಸ್ಟ್ಯಾಚು’ ಎಂದರೆ ನಲವತ್ತೊಂದು ಮಕ್ಕಳು ಸ್ತಬ್ಧರಾಗುತ್ತಿದ್ದರು, ಏಕೆಂದರೆ ಅದು ಅವರದೇ ಕಾನೂನು. ಹಾಗೆ ನಿಂತವರಲ್ಲಿ ಒಬ್ಬರ ಭುಜ ಮುಟ್ಟಿ ‘ಈಗ ನೀನು ಏನು ಯೋಚಿಸ್ತಿದ್ದೀಯ?’ ಎಂದರೆ ಆ ಪಾತ್ರವಾಗಿಯೇ ಒಂದು ವಾಕ್ಯ ಹೇಳಬೇಕು. ರಂಗಶಿಕ್ಷಣದಲ್ಲಿ ಸ್ಥಿರಚಿತ್ರ ಎನ್ನುವ ಕ್ರಮವೇ ಇದು ಎಂಬುದು ನನಗೆ ತಿಳಿದದ್ದು ಇದಾದ ಎಷ್ಟೋ ದಿನಗಳ ಮೇಲೆ.

ನಾಲ್ಕನೆಯ ಶನಿವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆ ಕೊಡಿ. ನಿಮ್ಮೂರಿನಲ್ಲಿ ಜನ ಸಾಲು ನಿಲ್ಲುವ ಒಂದು ಜಾಗವನ್ನು ತೋರಿಸಿ ಎಂದು ಐದು ಗುಂಪುಗಳಿಗೆ ಹೇಳಿದ್ದೆ. ಹಾಲಿನ ಡೈರಿ ಬಂತು, ಬಸ್ ಬಂತು, ಆಸ್ಪತ್ರೆ ಬಂತು. ಒಂದು ಗುಂಪು ನ್ಯಾಯಬೆಲೆ ಅಂಗಡಿ ತೋರಿಸಿತು. ಆವರೆಗೆ ಹಾಜರಿ ಕೂಗಿದಾಗ ಬಿಟ್ಟರೆ ಬೇರೆ ಮಾತನ್ನೇ ಆಡದಿದ್ದ ಹುಡುಗಿಯೊಬ್ಬಳು ಅದರಲ್ಲಿ ಅಜ್ಜಿಯಾಗಿದ್ದಳು. ಜಾಮಿಟ್ರಿ ಬಾಕ್ಸು ಹೆಬ್ಬೆಟ್ಟಿನ ಯಂತ್ರವಾಗಿತ್ತು. ಅವಳು ಹೆಬ್ಬೆಟ್ಟು ಒತ್ತಿದಳು. ‘ತಗೊಳ್ತಿಲ್ಲ ಅಜ್ಜಿ’ ಎಂದ ಅಂಗಡಿಯವನು. ಅವಳು ಬೆರಳನ್ನು ಇಲ್ಲದ ಸೆರಗಿಗೆ ಒರೆಸಿಕೊಂಡು, ಹಣೆಗೊಮ್ಮೆ ಉಜ್ಜಿಕೊಂಡು ಮತ್ತೆ ಒತ್ತಿದಳು. ‘ಸರ್ವರ್ ಇಲ್ಲ, ನಾಳೆ ಬಾ.’ ಅವಳು ಕದಲಲಿಲ್ಲ. ತನ್ನ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು: ‘ನಾನು ಇಲ್ಲೇ ನಿಂತಿವ್ನಲ್ಲಪ್ಪ. ನನ್ನ ನೋಡು. ಬೆರಳು ಯಾಕೆ ನೋಡ್ತೀಯ?’

ಈ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ. ನಾನು ‘ಸ್ಟ್ಯಾಚು’ ಎನ್ನುವುದನ್ನೂ ಮರೆತೆ, ಆದರೂ ಎಲ್ಲರೂ ನಿಂತಲ್ಲೇ ನಿಂತಿದ್ದರು.

ಮುಂದಿನ ವಾರ ಕನ್ನಡ ತರಗತಿಯಲ್ಲಿ ಪತ್ರಲೇಖನ ಬಂತು. ಮನವಿ ಪತ್ರವೆಂದರೆ ಈ ಮಕ್ಕಳು ಗೈಡಿನಲ್ಲಿರುವುದನ್ನು ಬಾಯಿಪಾಠ ಮಾಡಿ, ‘ನಮ್ಮ ಊರಿನಲ್ಲಿ ನೀರಿನ ಸಮಸ್ಯೆ ಇದ್ದು ತಾವು ದಯಮಾಡಿ’ ಎಂದು ಒಂದೇ ಅಚ್ಚಿನಲ್ಲಿ ಬರೆಯುತ್ತಾರೆ. ಈ ಸಲ ನ್ಯಾಯಬೆಲೆ ಅಂಗಡಿಯ ಅಜ್ಜಿಯ ಪರವಾಗಿ ತಹಶೀಲ್ದಾರರಿಗೆ ಬರೆಯಿರಿ ಎಂದೆ. ಎಲ್ಲರೂ ಚೆನ್ನಾಗಿ ಬರೆದರೆಂದು ಸುಳ್ಳು ಹೇಳಲಾರೆ. ಅರ್ಧದಷ್ಟು ಮಕ್ಕಳು ಗೈಡಿನ ವಾಕ್ಯಗಳನ್ನೇ ತಿರುವಿ ಹಾಕಿದ್ದರು. ಉಳಿದವರ ಪತ್ರಗಳಲ್ಲಿ ಅಜ್ಜಿ ಎಷ್ಟು ದೂರ ನಡೆದು ಬಂದಳು, ಎಷ್ಟು ಸಲ ತಿರುಗಿದಳು, ಕಳೆ ಕಿತ್ತು ಬೆರಳಿನ ಗೆರೆ ಸವೆದದ್ದು ಇವೆಲ್ಲ ಇದ್ದವು. ಕಾಗುಣಿತದ ತಪ್ಪುಗಳೂ ಇದ್ದವು. ಕಾಗುಣಿತವನ್ನು ತಿದ್ದಬಹುದು.

ಆರನೆಯ ಶನಿವಾರ ನಾನೇ ತಾಲ್ಲೂಕು ಕಚೇರಿಯ ಗುಮಾಸ್ತಳಾಗಿ ಕುಳಿತೆ, ಮಕ್ಕಳು ತಮ್ಮ ಅರ್ಜಿಗಳನ್ನು ಹಿಡಿದುಕೊಂಡು ಬಂದರು. ‘ಈ ಅರ್ಜೀಗೆ ಲಗತ್ತು ಎಲ್ಲಿ?’ ‘ಸಾಹೇಬ್ರು ಮೀಟಿಂಗ್‌ನಲ್ಲಿದಾರೆ’ ಎಂದು ನಾನು ಎಷ್ಟು ಸತಾಯಿಸಿದರೂ ಅವರು ಬಿಡಲಿಲ್ಲ; ನನಗೆ ಎದುರಾಡಲು ಅವರಿಗೆ ಸಿಕ್ಕ ಪರವಾನಗಿ ಅದು. ಶಿಕ್ಷಕರೇ ಪಾತ್ರವಾಗಿ ತರಗತಿಯೊಳಗೆ ನಿಲ್ಲುವ ಈ ಕ್ರಮವನ್ನು ಇಂಗ್ಲೆಂಡಿನ ರಂಗಶಿಕ್ಷಕಿ ಡೊರೊಥಿ ಹೀತ್‌ಕೋಟ್ ದಶಕಗಳ ಕಾಲ ದುಡಿದು ಬೆಳೆಸಿದ್ದರು. ಅದರಲ್ಲಿ ಮಕ್ಕಳು ತೋರಿಕೆಗಾಗಿ ನಟಿಸುವುದಿಲ್ಲ. ಎದುರಿಗಿರುವ ಕಷ್ಟವೊಂದನ್ನು ಬಿಡಿಸಲು ಮಾತಾಡುತ್ತಾರೆ.

ಎರಡನೆಯ ಅವಲೋಕನ ಆ ದಿನವೇ ಇತ್ತು. ಬಂದವರು ಹತ್ತು ನಿಮಿಷ ನೋಡಿದರು. ನಾನು ಕೂತಿದ್ದೆ, ಮಕ್ಕಳು ನಿಂತಿದ್ದರು, ಮೂವರು ಒಟ್ಟಿಗೆ ಮಾತಾಡುತ್ತಿದ್ದರು, ಬೋರ್ಡು ಇರಲೇ ಇಲ್ಲ. ಅವರಿಗೂ ಸಂಕಟವಾಗಿರಬೇಕು, ‘ಚೆನ್ನಾಗಿದೆಯಮ್ಮ, ಆದ್ರೆ ಇದನ್ನ ಎಲ್ಲಿ ಅಂತ ಬರೀಲಿ?’ ಎಂದರು. ಕಪ್ಪುಹಲಗೆಗೆ ಸೊನ್ನೆ ಹಾಕದೆ ವಿಧಿಯಿರಲಿಲ್ಲ, ತರಗತಿ ನಿಯಂತ್ರಣಕ್ಕೆ ನಾಲ್ಕು ಬಂತು. ಒಟ್ಟು ಐವತ್ತಕ್ಕೆ ಇಪ್ಪತ್ತೇಳು. ಅಂಕಗಳಿಗಾಗಿ ನಾನು ಅಳುತ್ತಿಲ್ಲ. ಸೋತ ತರಗತಿಗೆ ನಲವತ್ತೊಂದು, ನಡೆದ ತರಗತಿಗೆ ಇಪ್ಪತ್ತೇಳು ಕೊಡುವ ಹಾಳೆಯನ್ನು ನೋಡಿದ ಪ್ರಶಿಕ್ಷಣಾರ್ಥಿಯೊಬ್ಬಳು ಮುಂದೆ ನೌಕರಿ ಸಿಕ್ಕಿದ ಮೇಲೆ ಯಾವ ಬಗೆಯ ಪಾಠಕ್ಕೆ ಅಂಟಿಕೊಳ್ಳುತ್ತಾಳೆಂದು ತಾವೇ ಊಹಿಸಬಹುದು.

ಇಷ್ಟು ಹೇಳಿದವಳು ನನ್ನ ತಪ್ಪನ್ನೂ ಹೇಳಬೇಕು. ಐದನೆಯ ಶನಿವಾರ ‘ಮನೆಯಲ್ಲಿ ಒಂದು ಸಂಜೆ’ ಎಂಬ ವಿಷಯ ಕೊಟ್ಟಿದ್ದೆ. ಒಬ್ಬ ಹುಡುಗ ಕುಡಿದು ಬರುವ ಅಪ್ಪನ ಪಾತ್ರವನ್ನು ಬಹಳ ಚುರುಕಾಗಿ ಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆಗ ಗುಂಪಿನ ಅಂಚಿನಲ್ಲಿದ್ದ ಇನ್ನೊಬ್ಬ ಹುಡುಗ ಎದ್ದು ನಲ್ಲಿಯ ಕಡೆ ಹೋದವನು ಗಂಟೆ ಬಾರಿಸುವ ತನಕ ಬರಲಿಲ್ಲ. ಅವನ ಮನೆಯ ಸಂಜೆಗಳು ಹೇಗಿರುತ್ತವೆಂಬುದು ಇಡೀ ತರಗತಿಗೆ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಸೋಮವಾರ ಅವನು ಶಾಲೆಗೆ ಬಂದ; ನಾನು ಏನು ಹೇಳಬೇಕೆಂದು ತಿಳಿಯದೆ ಹೋಂವರ್ಕ್ ಕೇಳಿದೆ. ಮಕ್ಕಳ ಬದುಕಿಗೆ ತೀರಾ ಹತ್ತಿರದ ವಿಷಯವನ್ನು ಬೇರೆ ಊರು, ಬೇರೆ ಕಾಲ, ಬೇರೆ ಹೆಸರಿನ ಮೂಲಕ ದೂರ ಇಟ್ಟು ಆಡಿಸಬೇಕೆಂದು, ಆಟ ಮುಗಿದ ಮೇಲೆ ಪ್ರತಿಯೊಬ್ಬರನ್ನೂ ಪಾತ್ರದಿಂದ ಹೊರಗೆ ಕರೆತಂದು ಮಾತಾಡಿಸಬೇಕೆಂದು ಯಾರಾದರೂ ನನಗೆ ಮೊದಲೇ ಕಲಿಸಿದ್ದರೆ ಆ ಹುಡುಗ ನಲ್ಲಿಯ ಹತ್ತಿರ ನಿಲ್ಲಬೇಕಾಗುತ್ತಿರಲಿಲ್ಲ. ಮಕ್ಕಳಿಗೆ ನಾಟಕ ಕೊಡಿ, ಉಳಿದದ್ದು ತಾನಾಗಿಯೇ ಆಗುತ್ತದೆ ಎನ್ನುವವರ ಮಾತನ್ನು ಅಂದಿನಿಂದ ನಾನು ನಂಬುವುದಿಲ್ಲ. ವಿಜ್ಞಾನದ ಪ್ರಯೋಗಾಲಯದಲ್ಲಿ ಆಮ್ಲವನ್ನು ಹೇಗೆ ಹಿಡಿಯಬೇಕೆಂದು ಕಲಿಸಿಯೇ ನಮ್ಮನ್ನು ಶಾಲೆಗೆ ಕಳುಹಿಸುತ್ತೀರಿ. ಇದನ್ನೂ ಹಾಗೆಯೇ ಕಲಿಸಬೇಕು.

ಹುಡುಗಿಯರ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. ಹಳ್ಳಿಯ ಕುರುಕ್ಷೇತ್ರದಲ್ಲಿ ದ್ರೌಪದಿಯೂ ಉತ್ತರೆಯೂ ಊರ ಹೆಣ್ಣುಮಕ್ಕಳಲ್ಲ. ಹೊರಗಿನಿಂದ ಸಂಭಾವನೆ ಕೊಟ್ಟು ಕರೆಸುವ ಕಲಾವಿದೆಯರು. ರಾತ್ರಿಯಿಡೀ ಚಪ್ಪಾಳೆ ತಟ್ಟಿದ ಊರೇ ಬೆಳಗಾದ ಮೇಲೆ ಅವರ ಬಗ್ಗೆ ಆಡುವ ಮಾತುಗಳನ್ನು ಕೇಳಿಕೊಂಡೇ ಈ ಹುಡುಗಿಯರು ಬೆಳೆದಿದ್ದಾರೆ. ಮೂರನೆಯ ವಾರ ತಾಯಿಯೊಬ್ಬರು ಶಾಲೆಗೆ ಬಂದು, ‘ನಮ್ಮ ಹುಡ್ಗೀನ ನಾಟಕಕ್ಕೆ ಸೇರಿಸ್ಕೊಬೇಡಿ ಮಿಸ್’ ಎಂದರು. ಬಣ್ಣ ಹಚ್ಚುವುದಿಲ್ಲ, ಸ್ಟೇಜ್ ಇಲ್ಲ, ನೋಡಲು ಹೊರಗಿನವರು ಬರುವುದಿಲ್ಲ, ಇದೂ ಒಂದು ಪಾಠ ಎಂದೆ. ‘ಪಾಠ ಅಂದ್ರೆ ಟೈಮ್‌ಟೇಬಲ್ಲಿನಲ್ಲಿ ಐತಾ?’ ಎಂದು ಅವರು ಕೇಳಿದರು. ಇರಲಿಲ್ಲ. ಶನಿವಾರದ ಆ ಚೌಕದಲ್ಲಿ ‘ಸ.ಪ.ಚ.’ (ಸಹಪಠ್ಯ ಚಟುವಟಿಕೆ) ಎಂದಷ್ಟೇ ಬರೆದಿತ್ತು. ವೇಳಾಪಟ್ಟಿಯಲ್ಲಿ ಒಂದು ಹೆಸರಿರುವುದು ಎಷ್ಟು ದೊಡ್ಡ ವಿಷಯವೆಂಬುದು ನನಗೆ ತಿಳಿದದ್ದು ಆಗ.

ಒಂದು ಮಾತು ನಡುವೆ. ಇದೇ ಮಕ್ಕಳು ಒಂದರಿಂದ ಮೂರನೆಯ ತರಗತಿಯವರೆಗೆ ನಲಿಕಲಿಯಲ್ಲಿ ಕಲಿತವರು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಮೊದಲಾದ ಆ ಪದ್ಧತಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಹಾಡಿ, ಕುಣಿದು, ಕಥೆ ಕಟ್ಟಿ ಕಲಿಯುತ್ತಾರೆ. ನಾಲ್ಕನೆಯ ತರಗತಿಗೆ ಬಂದೊಡನೆ ಬೆಂಚು ಸಿಗುತ್ತದೆ, ಹಾಡು ನಿಲ್ಲುತ್ತದೆ. ಎಂಟನೆಯ ತರಗತಿಯ ಹೊತ್ತಿಗೆ ಅವರು ಕೈ ಕಟ್ಟಿ ಕೂರುವುದನ್ನು ಚೆನ್ನಾಗಿ ಕಲಿತಿರುತ್ತಾರೆ. ನನ್ನ ಮೊದಲ ಮೂರು ಶನಿವಾರಗಳು ಕಳೆದದ್ದು ಆ ಕಟ್ಟಿದ ಕೈಗಳನ್ನು ಬಿಡಿಸುವುದರಲ್ಲಿ.

ಪ್ರತಿಭಾ ಕಾರಂಜಿ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ, ಮತ್ತು ಅದು ಇರಬೇಕು. ಆದರೆ ಛದ್ಮವೇಷಕ್ಕೋ ಮಿಮಿಕ್ರಿಗೋ ನಲವತ್ತೊಂದು ಮಕ್ಕಳಲ್ಲಿ ಆಯ್ಕೆಯಾಗುವವರು ಒಬ್ಬಿಬ್ಬರು, ಅವರು ಮೊದಲೇ ಮಾತು ಬಲ್ಲವರು. ಹೆಬ್ಬೆರಳು ನೋಡಿಕೊಂಡ ಆ ಹುಡುಗಿ ಯಾವ ಸ್ಪರ್ಧೆಗೂ ಹೆಸರು ಕೊಡುವವಳಲ್ಲ.

ಹಾಗಾಗಿ ನನ್ನ ಕೋರಿಕೆಗಳು ಇವು. ಇಂಟರ್ನ್‌ಷಿಪ್‌ನ ಹದಿನಾರು ವಾರಗಳಲ್ಲಿ ನಾವು ನೀಡಬೇಕಾದ ಪಾಠಗಳ ಲೆಕ್ಕದೊಳಗೇ ಕನಿಷ್ಠ ಐದು ಪಾಠಗಳು ನಾಟಕದ ಕ್ರಮದಲ್ಲಿರಲಿ. ಹೆಚ್ಚುವರಿ ಕೆಲಸವಾಗಿ ಬಂದರೆ ಯಾರೂ ಮಾಡುವುದಿಲ್ಲ, ನಾನೂ ಮಾಡುತ್ತಿರಲಿಲ್ಲ. ಆ ಪಾಠಗಳಿಗೆ ಬೇರೆಯದೇ ಅವಲೋಕನ ಪಟ್ಟಿ ಬೇಕು. ಸಾಮಾನ್ಯವಾಗಿ ಸುಮ್ಮನಿರುವ ಮಕ್ಕಳು ಮಾತಾಡಿದರೇ, ಮುಂದೇನಾಗಬೇಕೆಂಬುದನ್ನು ಮಕ್ಕಳು ನಿರ್ಧರಿಸಿದರೇ, ಸದ್ದನ್ನು ನಿಲ್ಲಿಸುವ ಒಪ್ಪಿತ ಸಂಜ್ಞೆ ಇತ್ತೇ, ಕೊನೆಗೆ ಶಿಕ್ಷಕರು ಮಕ್ಕಳನ್ನು ಪಾತ್ರದಿಂದ ಹೊರತಂದರೇ ಎಂಬ ಪ್ರಶ್ನೆಗಳು ಅದರಲ್ಲಿರಲಿ, ಕಪ್ಪುಹಲಗೆಯ ಸಾಲನ್ನು ಕೈಬಿಡಲಿ. ಅವಲೋಕಿಸುವವರು ಈ ಕೆಲಸವನ್ನು ಒಮ್ಮೆಯಾದರೂ ಮಾಡಿದವರಾಗಿದ್ದರೆ ಇನ್ನೂ ಒಳ್ಳೆಯದು, ಮತ್ತು ಅಂಥವರಿಗೆ ನಮ್ಮಲ್ಲಿ ಬರವಿಲ್ಲ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಕ್ಕೆ ಮಕ್ಕಳೊಡನೆ ಬೇಸಿಗೆ ಶಿಬಿರ ನಡೆಸಿದ ದೀರ್ಘ ಅನುಭವವಿದೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರೇ ಇದ್ದಾರೆ. ಅವರನ್ನು ವಾರ್ಷಿಕೋತ್ಸವಕ್ಕೆ ನಾಟಕ ಕಟ್ಟಲು ಕರೆಯುವ ಬದಲು ಬಿ.ಇಡಿ. ಮೊದಲ ವರ್ಷದಲ್ಲಿ ಎರಡು ವಾರ ನಮಗೆ ಕಲಿಸಲು ಕರೆಸಿ. ಊರಿನ ಹಾರ್ಮೋನಿಯಂ ಮೇಷ್ಟ್ರುಗಳನ್ನೂ ಒಮ್ಮೆ ಕರೆಸಿ ನೋಡಿ. ಅಕ್ಷರ ಬಾರದವರಿಗೂ ನೂರಾರು ಸಾಲು ಬಾಯಿಪಾಠ ಮಾಡಿಸುವ ಅವರ ವಿದ್ಯೆಯನ್ನು ನಮ್ಮ ಯಾವ ಬೋಧನಾ ವಿಧಾನದ ಪುಸ್ತಕವೂ ಗಮನಿಸಿದಂತಿಲ್ಲ.

ಶಾಲೆಗಳ ಮಟ್ಟಿಗೆ ಕೇಳುವುದು ಇನ್ನೂ ಕಡಿಮೆ. ಹಣ ಬೇಡ, ವೇಷಭೂಷಣ ಬೇಡ. ಎಂಟನೆಯ ತರಗತಿಯ ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ಎರಡು ಪೀರಿಯಡ್ ಜೋಡಿಸಿ, ಡೆಸ್ಕಿಲ್ಲದ ಒಂದು ಜಾಗ ತೋರಿಸಿ, ಆ ಚೌಕದಲ್ಲಿ ‘ನಾಟಕ’ ಎಂದು ಬರೆಯಲು ಅನುಮತಿ ಕೊಡಿ.

ನನ್ನ ಎರಡೂ ಅವಲೋಕನ ಪಟ್ಟಿಗಳು, ನಲವತ್ತೊಂದರದ್ದೂ ಇಪ್ಪತ್ತೇಳರದ್ದೂ, ನನ್ನ ಬಳಿ ಇವೆ. ಮಕ್ಕಳು ತಹಶೀಲ್ದಾರರಿಗೆ ಬರೆದ ಹತ್ತೊಂಬತ್ತು ಪತ್ರಗಳೂ ಇವೆ. ಅವುಗಳನ್ನು ಎಲ್ಲಿಗೂ ಕಳುಹಿಸಿಲ್ಲ, ಏಕೆಂದರೆ ಅವು ಪಾಠದ ಭಾಗ. ತಾವು ಕೇಳಿದರೆ ಹೆಸರುಗಳನ್ನು ಮರೆಮಾಡಿ ಎಲ್ಲದರ ಪ್ರತಿಯನ್ನೂ ತಮ್ಮ ಕಚೇರಿಗೆ ತಂದು ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬಿ.ಇಡಿ. ದ್ವಿತೀಯ ವರ್ಷದ ಪ್ರಶಿಕ್ಷಣಾರ್ಥಿ,
ತುಮಕೂರು ಜಿಲ್ಲೆ